ಕೊನೆಯ ಗ್ಲಾಸು ಅಳತೆಯವಳದ್ದು

ಕಳೆದ ತಿಂಗಳು ಇಲ್ಲಿ ಅಮೆರಿಕದಲ್ಲಿ, ನೋವೈ ಊರಿನ ಇಂಡಿಯನ್ ಅಂಗಡಿಯಲ್ಲಿ ಬಿಲ್ ಮಾಡಿಸಲು ನಿಂತಿದ್ದಾಗ ನನ್ನ ಮುಂದಿದ್ದವರ ಕೈಯಿಂದ ಸೋಂಪಿನ ಪ್ಯಾಕೆಟ್ ಜಾರಿ, ಒಡೆದು, ಕೌಂಟರ್ ತುಂಬ ಹರಡಿಕೊಂಡಿತು. ಅಂಗಡಿಯಾಕೆ ಕೈಗೆ ಬಂದಷ್ಟು ಗೋರಿ ತೆಗೆದು, ಉಳಿದದ್ದರ ಮೇಲೆ ಸ್ಯಾನಿಟೈಸರ್ ಸುರಿದು ಒರೆಸತೊಡಗಿದಳು. ಸ್ಪಿರಿಟ್ಟಿನ ಘಾಟಿನೊಳಗಿಂದ ಸೋಂಪಿನ ವಾಸನೆ ಎದ್ದು ಬಂತು. "ಆಂಟಿ, ನಿಮ್ದೇ ನೆಕ್ಸ್ಟ್, ಬನ್ನಿ" ಎಂದು ಆಕೆ ಎರಡು ಸಲ ಕರೆದ ಮೇಲೆ ಮುಂದೆ ಹೋದೆ. ಕೊತ್ತಂಬರಿ ಸೊಪ್ಪು ತರಲೆಂದು ಹೋದವಳು ಅದೊಂದನ್ನೇ ಮರೆತು ಮನೆಗೆ ಬಂದೆ.

ಅದು ತ್ರಾವಾರಿತ್ಸದ ವಾಸನೆ. ಕ್ರೊಯೇಷಿಯಾದ ಕರಾವಳಿಯ ಜನ ದ್ರಾಕ್ಷಿ ಸಾರಾಯಿಯ ಬಾಟಲಿಗೆ ಸೋಂಪಿನ ಕಡ್ಡಿಯನ್ನೂ ಇನ್ನೂ ಏನೇನೋ ಗುಡ್ಡದ ಸೊಪ್ಪುಗಳನ್ನೂ ಹಾಕಿ, ತಿಂಗಳುಗಟ್ಟಲೆ ಇಟ್ಟು ಮಾಡುವ ಮದ್ಯ ಅದು. ನಾನು ಒಂದು ತೊಟ್ಟನ್ನೂ ಕುಡಿದವಳಲ್ಲ. ಆದರೆ ತೊಂಬತ್ತೆಂಟರ ಬೇಸಿಗೆಯಿಡೀ ಅದರ ಎದುರು ನಿಂತು ನಡುಗಿದ್ದೇನೆ. ಇಷ್ಟು ವರ್ಷವಾದರೂ ಆ ವಾಸನೆ ಬಂದರೆ ಭಯವಾಗುತ್ತದೆ.

ಆಗ ನಾವು ಫಾರ್ಮಿಂಗ್ಟನ್ ಹಿಲ್ಸ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಆ ವರ್ಷದ ಮೊದಲಲ್ಲಷ್ಟೇ ಸೇರಿದ್ದ ನನ್ನ ಕೆಲಸ ಲಿವೋನಿಯಾದಲ್ಲಿ, ಹೆದ್ದಾರಿಗೆ ಬೆನ್ನು ಹಾಕಿ ನಿಂತ ಉದ್ದನೆಯ ಶೆಡ್ಡಿನಲ್ಲಿ. ಕಾರಿನ ಪ್ಲಾಸ್ಟಿಕ್ ಭಾಗಗಳನ್ನು ಹೊಯ್ಯುವ ಉಕ್ಕಿನ ಅಚ್ಚುಗಳನ್ನು ಅಲ್ಲಿ ಮಾಡುತ್ತಿದ್ದರು. ಮೈಸೂರಿನಲ್ಲಿ ಟೂಲ್ ರೂಮ್ ತರಬೇತಿ ಮುಗಿಸಿ ಬಂದಿದ್ದ ನನ್ನದು ಅಳತೆಯ ಕೆಲಸ. ಉಳಿದವರು ಕೊರೆದದ್ದು, ಕಡಿದದ್ದು, ಉಜ್ಜಿದ್ದು ಸರಿಯಿದೆಯೇ ಎಂದು ನೋಡಿ ಹಾಳೆಯ ಮೇಲೆ ಸಹಿ ಹಾಕಬೇಕು. ಹತ್ತು ಗಂಡಸರ ನಡುವೆ ಒಬ್ಬಳೇ ಹೆಂಗಸು, ಅವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಕಸುಬು. ಅತ್ತೆಮನೆಯಲ್ಲಿ ಹೊಸ ಸೊಸೆಯಾಗಿರುವುದು ಇದಕ್ಕಿಂತ ಸಲೀಸು.

ಮಾಲೀಕ ಆಂತೆ, ಅಮೆರಿಕನ್ನರ ಬಾಯಲ್ಲಿ ಟೋನಿ. ಅವನೂ ಇನ್ನೈದು ಜನರೂ ಕ್ರೊಯೇಷಿಯಾದ ಕಡಲಂಚಿನ ಒಂದೇ ಸಣ್ಣ ಊರಿನವರು. ಆ ಊರಿಗೊಂದು ಹೆಸರಿತ್ತು, ಆದರೆ ಅವರು ಅದನ್ನು 'ಮಿಸ್ತೊ' ಎಂದು ಕರೆಯುತ್ತಿದ್ದರು. ಊರು ಎಂದಷ್ಟೇ ಅದರ ಅರ್ಥ. ನಾವು ಮೈಸೂರಿಗೆ ಹೋಗುವಾಗಲೂ ಊರಿಗೆ ಹೋಗ್ತೀವಿ ಎನ್ನುತ್ತೇವಲ್ಲ, ಹಾಗೆ. ಎಲ್ಲರಿಗಿಂತ ಹಿರಿಯರು ಆಂತೆಯ ಚಿಕ್ಕಪ್ಪ ಫ್ರಾನೆ, ಎಪ್ಪತ್ತರ ಹತ್ತಿರದವರು. ಅಚ್ಚಿನ ಒಳಮೈಯನ್ನು ಮುಖ ಕಾಣುವವರೆಗೆ ಉಜ್ಜುವುದು ಅವರ ಕೆಲಸ. ಅವರನ್ನು ಎಲ್ಲರೂ 'ಬಾರ್ಬಾ' ಎನ್ನುತ್ತಿದ್ದರು. ನಮ್ಮ ಕಡೆ ಸಂಬಂಧವಿರಲಿ ಬಿಡಲಿ, ಹಿರಿಯರನ್ನು ಮಾಮ ಎನ್ನುವ ಹಾಗೆ. ನಾನೂ ಬಾರ್ಬಾ ಎಂದೇ ಕರೆದೆ. ನಮ್ಮ ಮಾತುಕತೆಯೆಲ್ಲ ಅವರದೂ ಅಲ್ಲದ ನನ್ನದೂ ಅಲ್ಲದ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಇಲ್ಲಿ ಅದನ್ನು ನನ್ನ ಕನ್ನಡಕ್ಕೆ ತಂದುಕೊಂಡಿದ್ದೇನೆ.

ನನ್ನ ಗಂಡ ಪ್ರಕಾಶ್ ಮೈಸೂರಿನಲ್ಲಿ ಸಸ್ಯಶಾಸ್ತ್ರದ ಮೇಷ್ಟರಾಗಿದ್ದವರು. ನನ್ನ ವೀಸಾದ ಮೇಲೆ ಬಂದದ್ದರಿಂದ ಅವರಿಗೆ ಇಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಐದು ವರ್ಷದ ಮಗಳು ಅನು, ಅಡುಗೆ, ಲೈಬ್ರರಿ, ನನ್ನನ್ನು ಬಿಟ್ಟು ಕರೆದುಕೊಂಡು ಬರುವ ಒಂದೇ ಕಾರು, ಇಷ್ಟರಲ್ಲಿ ಅವರ ದಿನ ಮುಗಿಯುತ್ತಿತ್ತು. ನನ್ನ ವೀಸಾಕ್ಕೆ ಆರು ವರ್ಷದ ಗಡುವು. ನಾಲ್ಕು ಆಗಲೇ ದಾಟಿತ್ತು. ಗ್ರೀನ್ ಕಾರ್ಡಿನ ಮೊದಲ ಕಾಗದಕ್ಕೆ ಆಂತೆ ಸಹಿ ಹಾಕಿದರೆ ಮುಂದಿನ ದಾರಿ. ಹಾಕದಿದ್ದರೆ ಗಂಟುಮೂಟೆ ಕಟ್ಟಬೇಕು. ವಕೀಲರು ಮಾಡಿಕೊಟ್ಟ ಫೈಲು ಮಾರ್ಚಿನಿಂದ ಆಂತೆಯ ಮೇಜಿನ ಮೇಲೆ, ಬೋಲ್ಟು ತುಂಬಿದ ಡಬ್ಬಿಯ ಕೆಳಗೆ ಕೂತಿತ್ತು. ದಿನಾ ಸಂಜೆ ನಾನು ಕಾರು ಹತ್ತಿ ಬೆಲ್ಟ್ ಹಾಕಿಕೊಳ್ಳುವ ಮೊದಲೇ ಪ್ರಕಾಶ್ ಕೇಳುತ್ತಿದ್ದರು, "ಸಹಿ ಆಯ್ತಾ?" ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಅವರು ಮತ್ತೇನೂ ಕೇಳದೆ ಕಾರು ಹೊರಡಿಸುತ್ತಿದ್ದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಇನ್ನು ಗ್ಲಾಸಿನ ವಿಷಯ. ಅವರ ಊರಿನಲ್ಲಿ ಮನೆಯ ಚಾವಣಿ ಮುಗಿದ ದಿನ, ಕೆಲಸ ಮಾಡಿದ ಕೈಗಳಿಗೆಲ್ಲ ಮನೆಯೊಡೆಯ ಊಟ ಹಾಕಿ ಕುಡಿಸಬೇಕಂತೆ. ಆ ಪದ್ಧತಿಯನ್ನು ಇವರು ಲಿವೋನಿಯಾದ ಅಚ್ಚುಗಳಿಗೂ ತಂದಿದ್ದರು. ಅಚ್ಚು ಲಾರಿ ಹತ್ತುವ ಮುಂಚೆ ಎಲ್ಲರೂ ಅದರ ಸುತ್ತ ನಿಲ್ಲುತ್ತಿದ್ದರು. ಬಾರ್ಬಾ ಬೆರಳುದ್ದದ ಗ್ಲಾಸುಗಳಿಗೆ ತ್ರಾವಾರಿತ್ಸ ಸುರಿಯುತ್ತಿದ್ದರು. ಕೆಲಸ ನಡೆದ ಕ್ರಮದಲ್ಲೇ ಒಬ್ಬೊಬ್ಬರೂ ಎದುರಿನವರ ಕಣ್ಣು ನೋಡಿ ಒಂದೇ ಗುಟುಕಿಗೆ ಇಳಿಸಬೇಕು. ಕೊನೆಯ ಗ್ಲಾಸು ಅಳತೆಯವರದ್ದು. ಅದು ಇಳಿಯಿತೆಂದರೆ ಅಚ್ಚು ಸರಿಯಿದೆ, ನಾನು ಹೊಣೆ ಎಂದು ಹೇಳಿದ ಹಾಗೆ. ಹಾಳೆಯ ಮೇಲಿನ ಸಹಿ ಗಿರಾಕಿಗೆ, ಗ್ಲಾಸು ಅವರವರಿಗೆ.

ನಾನು ಕುಡಿಯುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಾನು ಬೆಳೆದ ಮನೆಯಲ್ಲಿ ಬಡಿಸಲು ಬಂದವರಿಗೆ ಬೇಡ ಎಂದು ಮುಖಕ್ಕೆ ಹೇಳುವುದು ಒರಟುತನ. ಈಗ ತಾನೆ ಆಯ್ತು ಎನ್ನಬೇಕು, ಇವತ್ತು ಒಪ್ಪೊತ್ತು ಎನ್ನಬೇಕು. ಅದೇ ದಾಕ್ಷಿಣ್ಯದಲ್ಲಿ ಮೊದಲ ಸಲ, "ಇವತ್ತು ನನಗೆ ಉಪವಾಸ, ಬಾರ್ಬಾ" ಎಂದೆ. ಬೆಳಿಗ್ಗೆ ನಾಲ್ಕು ಇಡ್ಲಿ ತಿಂದು ಬಂದಿದ್ದೆ. ಎರಡು ವಾರಕ್ಕೆ ಆ ಅಚ್ಚು ತಕರಾರಿನೊಂದಿಗೆ ವಾಪಸು ಬಂತು. ಎರಡನೆಯ ಸಲ ಗ್ಲಾಸನ್ನು ತುಟಿಗೆ ಮುಟ್ಟಿಸಿ, ಯಾರೂ ನೋಡದಾಗ ಕಸದ ಡಬ್ಬಿಯ ಮರದ ಹೊಟ್ಟಿಗೆ ಚೆಲ್ಲಿದೆ. ಆ ಅಚ್ಚು ಚಿನ್ನದ ಹಾಗೆ ಓಡಿತು. ಮೂರನೆಯ ಸಲ, "ಇವತ್ತು ಗುರುವಾರ, ಗುರುವಾರ ಉಪವಾಸ" ಎಂದೆ. ಗಿರಾಕಿಯ ಮೆಷಿನ್ನಿಗೆ ಕೂರಿಸಿದ ದಿನವೇ ಅದು ಬಿರುಕು ಬಿಟ್ಟಿತು.

ಕಾಕತಾಳೀಯ ಎಂದು ನಾನು ಅಂದುಕೊಂಡೆ. ಅವರು ಹಾಗೆ ಅಂದುಕೊಳ್ಳಲಿಲ್ಲ. ಹಾಳೆಯಲ್ಲಿ ಬರೆಯಲಾಗದ ಏನೋ ಈ ಹೆಂಗಸಿಗೆ ಗೊತ್ತಾಗುತ್ತದೆ, ಆಗ ಉಪವಾಸ ಮಾಡುತ್ತಾಳೆ ಎಂದು ಶೆಡ್ಡಿನಲ್ಲಿ ಮಾತಾಯಿತು. ನಾನು ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತೇನೋ ಇಲ್ಲವೋ ಎಂದು ನೋಡತೊಡಗಿದರು. ಒಂದು ದಿನ ಆಂತೆ ನನ್ನ ಮೇಜಿನ ಹತ್ತಿರ ಬಂದು, "ಸುಧಾ, ಅನುಮಾನ ಇದ್ರೆ ಬಾಯಿಬಿಟ್ಟು ಹೇಳು. ಉಪವಾಸ ಮಾತ್ರ ಮಾಡಬೇಡ" ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ.

ಆ ಬೇಸಿಗೆಯ ದೊಡ್ಡ ಕೆಲಸ ಡ್ಯಾಶ್‌ಬೋರ್ಡಿನ ನಡುಭಾಗದ ಅಚ್ಚು. ಹೊಸ ಗಿರಾಕಿ. ಇದು ಒಪ್ಪಿಗೆಯಾದರೆ ಇನ್ನೂ ನಾಲ್ಕು ಅಚ್ಚು ಕೊಡುವುದಾಗಿ ಮಾತಾಗಿತ್ತು. ಜುಲೈ ಆರು, ಸೋಮವಾರ, ಬೆಳಿಗ್ಗೆ ಎಂಟಕ್ಕೆ ಲಾರಿ. ಜೂನಿನ ಕೊನೆಯಲ್ಲಿ ಧೈರ್ಯ ಮಾಡಿ ಫೈಲಿನ ಬಗ್ಗೆ ಕೇಳಿದಾಗ ಆಂತೆ, "ಈ ಅಚ್ಚು ಹೋಗಲಿ. ಆಮೇಲೆ ಕೂತು ಸಹಿ ಹಾಕ್ತೀನಿ" ಎಂದಿದ್ದ. ಅವತ್ತು ಸಂಜೆ ನಾನು ಅದನ್ನು ಹೇಳಿದಾಗ ಪ್ರಕಾಶ್ ಮನೆಗೆ ಹೋಗಿ ಕ್ಯಾಲೆಂಡರಿನಲ್ಲಿ ಜುಲೈ ಆರಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದರು.

ಮೂರನೆಯ ತಾರೀಕು ಶುಕ್ರವಾರ ಊರೆಲ್ಲ ರಜೆ, ನಮಗೆ ಮಾತ್ರ ಅರ್ಧ ದಿನದ ಕೆಲಸ. ಹೊರಗೆ ತೊಂಬತ್ತು ಡಿಗ್ರಿಯ ಮೇಲೆ, ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ. ಅಚ್ಚಿನ ಒಳಗೆ ಕೂರುವ ಹತ್ತು ಇಂಚಿನ ಉಕ್ಕಿನ ತುಂಡೊಂದು ಮಧ್ಯಾಹ್ನ ಒಂದು ಗಂಟೆಗೆ ಗ್ರೈಂಡಿಂಗ್ ಮೆಷಿನ್ನಿನಿಂದ ಇಳಿದು, ಲಾರಿ ಬಾಗಿಲಿನ ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತು, ನನ್ನ ಕೋಣೆಗೆ ಬಂತು. ಉಕ್ಕು ಬಿಸಿಯಾದರೆ ಹಿಗ್ಗುತ್ತದೆ. ಆದ್ದರಿಂದ ಅಳೆಯುವ ಮುಂಚೆ ಅದನ್ನು ಅರವತ್ತೆಂಟು ಡಿಗ್ರಿಯ ಕೋಣೆಯಲ್ಲಿ ಒಂದು ದಿನ ಇಟ್ಟು ತಣಿಸಬೇಕು. ಈ ಕಸುಬಿನಲ್ಲಿ ಅದು ಮೊದಲ ಪಾಠ. ನನಗೆ ಒಂದು ದಿನ ಎಲ್ಲಿತ್ತು? ಗಂಡಸರು ಕೈ ತೊಳೆದು ಹೊರಡುತ್ತಿದ್ದರು. ಹೊರಗೆ ಬಿಸಿಲಿನಲ್ಲಿ ಕಾರು, ಕಾರಿನಲ್ಲಿ ಪ್ರಕಾಶ್, ಹಿಂದಿನ ಸೀಟಿನಲ್ಲಿ ಅನು. ಪ್ರಕಾಶ್ ಎರಡು ಸಲ ಹಾರ್ನ್ ಹೊಡೆದರು. ಅವರ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ.

ಅಳೆದೆ. ಸರಿಯಾಗೇ ಬಂತು. ಹಾಳೆಯಲ್ಲಿ ಉಷ್ಣತೆಗೆಂದು ಒಂದು ಚೌಕವಿರುತ್ತದೆ. ಥರ್ಮಾಮೀಟರ್ ನೋಡದೆ, ಉಕ್ಕು ಮುಟ್ಟಿಯೂ ಮುಟ್ಟದವಳ ಹಾಗೆ, ಅರವತ್ತೆಂಟು ಎಂದು ಬರೆದು ಸಹಿ ಹಾಕಿದೆ. ಲೈಟು ಆರಿಸಿ ಓಡಿದೆ.

ಮರುದಿನ ಶನಿವಾರ, ಜುಲೈ ನಾಲ್ಕು, ಅಮೆರಿಕದ ಸ್ವಾತಂತ್ರ್ಯ ದಿನ. ಆಂತೆ ಎಲ್ಲರನ್ನೂ ಸಂಸಾರ ಸಮೇತ ಅವರ ದೇಶದವರು ಸೇರುವ ಹಾಲಿಗೆ ಕರೆದಿದ್ದ. ಹಾಲ್ ಎಂದರೆ ತಗ್ಗು ಚಾವಣಿಯ ಒಂದು ಕಟ್ಟಡ, ಹಿಂದೆ ದೊಡ್ಡ ಪಾರ್ಕಿಂಗ್ ಲಾಟ್. ಆ ವರ್ಷ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಅವರ ಪುಟ್ಟ ದೇಶ ಜರ್ಮನಿಯ ಎದುರು ಆಡುವುದಿತ್ತು. ಎಲ್ಲರೂ ಟಿವಿಯ ಮುಂದೆ ಕೂತೆವು. ಮೂರು ಗೋಲು ಹೊಡೆದು ಗೆದ್ದರು. ಮೂರನೆಯದಕ್ಕೆ ಯಾರೋ ನನ್ನ ಗಂಡನನ್ನು ಎತ್ತಿಕೊಂಡು ಕುಣಿದರು. ಮೈಸೂರಿನಲ್ಲಿ ಕ್ಲಾಸಿನೊಳಗೆ ನಗದೇ ಪಾಠ ಮಾಡುತ್ತಿದ್ದ ಮನುಷ್ಯ ಗಾಳಿಯಲ್ಲಿ ಕಾಲು ಬಡಿಯುತ್ತ ನಗುತ್ತಿದ್ದರು. ಅವರು ಹಾಗೆ ನಕ್ಕು ಎರಡು ವರ್ಷವಾಗಿತ್ತು.

ಆಮೇಲಿನ ಸಂಜೆಯನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಹೊರಗೆ ಕೆಂಡದ ಮೇಲೆ ಸಣ್ಣ ಮೀನು ಸುಡುತ್ತಿದ್ದರು. ನಮಗೆಂದು ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಎಣ್ಣೆ ಹಾಕಿದ ಒಂದು ಪಲ್ಯ ಬಂತು. ಸಾಸಿವೆ ಒಗ್ಗರಣೆಯೊಂದಿದ್ದರೆ ನಮ್ಮದೇ. ಕೆಂಪು ವೈನಿಗೆ ನೀರು ಬೆರೆಸಿ ಜಗ್ಗುಗಳಲ್ಲಿ ಇಟ್ಟಿದ್ದರು. ಅದನ್ನು ಕುಡಿತ ಎಂದು ಅವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಒಂದು ಮೇಜಿನಲ್ಲಿ ಇಸ್ಪೀಟು. ಕೈಯಲ್ಲಿ ಯಾವ ಎಲೆಯಿದೆ ಎಂದು ಜೋಡಿಗೆ ಹುಬ್ಬು, ತುಟಿ, ಭುಜ ಕುಣಿಸಿ ಹೇಳುತ್ತಿದ್ದರು. ಅದು ಮೋಸವಲ್ಲ, ಆಟವೇ ಹಾಗೆ. ಇನ್ನೊಂದು ಕಡೆ ಏಳೆಂಟು ಗಂಡಸರು ಭುಜಕ್ಕೆ ಭುಜ ತಾಗಿಸಿ ದುಂಡಗೆ ನಿಂತು, ಯಾವ ವಾದ್ಯವೂ ಇಲ್ಲದೆ ಹಾಡಿದರು. ಶೆಡ್ಡಿನಲ್ಲಿ ದಿನವಿಡೀ ಒಬ್ಬರ ಮೇಲೊಬ್ಬರು ರೇಗುವ ಗಂಟಲುಗಳು. ಬಾರ್ಬಾ ಕಣ್ಣು ಮುಚ್ಚಿ ಎಲ್ಲರಿಗಿಂತ ಕೆಳಗಿನ ಸ್ವರ ಹಿಡಿದಿದ್ದರು. ಅನು ನನ್ನ ಸೆರಗು ಜಗ್ಗಿ, "ಅಮ್ಮ, ಕ್ಯಾನ್ ವಿ ಕಮ್ ಹಿಯರ್ ಎವ್ರಿ ಡೇ?" ಎಂದಳು.

ಬಿಸಿಲು ಇಳಿದ ಮೇಲೆ ಹೆಂಗಸರು ಮುಖ ತೊಳೆದು, ತಲೆ ಬಾಚಿ, ಒಳ್ಳೆಯ ಚಪ್ಪಲಿ ಮೆಟ್ಟಿ ಪಾರ್ಕಿಂಗ್ ಲಾಟಿಗೆ ಬಂದರು. ಕಾರುಗಳನ್ನೆಲ್ಲ ಒಂದು ಬದಿಗೆ ನಿಲ್ಲಿಸಿ ನಡುವೆ ದಾರಿ ಬಿಟ್ಟಿದ್ದರು. ಬಾರ್ಬಾ ಹೆಂಡತಿ ಮರಿಯಾ ನನ್ನ ತೋಳಿಗೆ ತೋಳು ಸೇರಿಸಿದರು.

"ಎಲ್ಲಿಗೆ?" ಎಂದೆ.

"ಎಲ್ಲಿಗೂ ಇಲ್ಲ. ಊರಲ್ಲಿ ಸಾಯಂಕಾಲ ಆದ್ರೆ ಎಲ್ಲರೂ ಸಮುದ್ರದ ದಡದಲ್ಲಿ ಆ ತುದಿಯಿಂದ ಈ ತುದಿಗೆ ನಡೀತೀವಿ. ಮತ್ತೆ ವಾಪಸ್. ನೋಡೋದಕ್ಕೆ, ನೋಡಿಸ್ಕೊಳೋದಕ್ಕೆ. ಇಲ್ಲಿ ಸಮುದ್ರ ಇಲ್ಲ, ಏನ್ಮಾಡೋದು."

ಕಸದ ಡಬ್ಬಿಯಿಂದ ತಂತಿ ಬೇಲಿಯವರೆಗೆ, ಬೇಲಿಯಿಂದ ಕಸದ ಡಬ್ಬಿಯವರೆಗೆ. ಮೂವತ್ತು ಜನ ಗಂಡಸರು ಹೆಂಗಸರು, ಎದುರಾದಾಗೆಲ್ಲ ಈಗ ತಾನೇ ಕಂಡವರ ಹಾಗೆ ತಲೆಬಾಗುತ್ತ, ನಿಂತು ಎರಡು ಮಾತಾಡುತ್ತ ನಡೆದರು. ಈ ದೇಶಕ್ಕೆ ಬಂದ ಮೇಲೆ ಏನೂ ಕೆಲಸವಿಲ್ಲದೆ ಯಾರೊಡನೆಯೂ ನಾನು ನಡೆದಿರಲಿಲ್ಲ. ಮೈಸೂರಿನಲ್ಲಿ ಕೆರೆ ಏರಿಯ ಮೇಲೆ ಗೆಳತಿಯರೊಡನೆ ಸುತ್ತಿದ್ದೆಲ್ಲ ಕಾಲಿಗೆ ನೆನಪಾಯಿತು. ತೋಳಿಗೆ ತೋಳು ಸೇರಿದರೆ ಬಾಯಿ ತಾನಾಗಿ ಬಿಚ್ಚುತ್ತದೆ. ನಾಲ್ಕನೆಯ ಸುತ್ತಿಗೆ ಮರಿಯಾ, "ನಿನ್ನ ದೇವರು ಯಾವ ಯಾವ ದಿನ ಕುಡಿಯೋದಕ್ಕೆ ಬಿಡ್ತಾನೆ?" ಎಂದು ಕೇಳಿದರು.

"ನಾನು ಯಾವ ದಿನವೂ ಕುಡಿಯಲ್ಲ, ಆಂಟಿ."

"ಮತ್ತೆ ಉಪವಾಸ?"

"ಸುಳ್ಳು. ಬೇಡ ಅನ್ನೋದಕ್ಕೆ ಸಂಕೋಚ ಆಯ್ತು."

ಮರಿಯಾ ನಡೆಯುವುದನ್ನು ನಿಲ್ಲಿಸಿ ಹೊಟ್ಟೆ ಹಿಡಿದು ನಕ್ಕರು. "ನೀನು ಉಪವಾಸ ಅಂದ ರಾತ್ರಿ ಫ್ರಾನೆ ನಿದ್ದೇನೇ ಮಾಡಲ್ಲ ಕಣೇ. ಎದ್ದೆದ್ದು ಕೂತ್ಕೊಂಡು ಎಲ್ಲಿ ತಪ್ಪಾಯ್ತು ಅಂತ ಯೋಚ್ನೆ ಮಾಡ್ತಾನೆ." ನಾನೂ ನಕ್ಕೆ. ತಿಂಗಳುಗಟ್ಟಲೆ ಹೊತ್ತಿದ್ದ ಒಂದು ಮೂಟೆ ಇಳಿದ ಹಾಗಾಯಿತು.

ನಗು ಮುಗಿದು ಪಕ್ಕದಲ್ಲಿದ್ದ ಕಾರಿನ ಬಾನೆಟ್ಟಿಗೆ ಕೈಯೂರಿದೆ. ಬಿಸಿಲು ಹೋಗಿ ಗಂಟೆಯಾಗಿದ್ದರೂ ಅದಿನ್ನೂ ಬೆಚ್ಚಗಿತ್ತು. ಅಂಗೈಗೆ ನಿನ್ನೆಯ ಉಕ್ಕು ನೆನಪಾಯಿತು. ಜ್ವರ ಬಂದ ಮಗುವಿನ ಹಣೆಯಷ್ಟು ಬಿಸಿ ಇತ್ತು ಅದು. ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ ಬರೆದಿದ್ದೆ.

ನಿಂತಲ್ಲೇ ಲೆಕ್ಕ ಹಾಕಿದೆ. ಹತ್ತು ಇಂಚು ಉಕ್ಕು, ಇಷ್ಟು ಡಿಗ್ರಿ ಹೆಚ್ಚು. ಇಂಚಿನ ಸಾವಿರದಲ್ಲೊಂದು ಭಾಗಕ್ಕೆ ನಮ್ಮ ಕಸುಬಿನವರು ಥೌ ಎನ್ನುತ್ತಾರೆ. ಆ ತುಂಡು ತಣ್ಣಗಾದಾಗ ನಾನು ಬರೆದದ್ದಕ್ಕಿಂತ ಎರಡು ಥೌ ಚಿಕ್ಕದಾಗಿರುತ್ತದೆ. ಒಂದು ಥೌ ಮೀರುವ ಹಾಗಿಲ್ಲ. ಎರಡು ಥೌ ಸಂದಿ ಸಾಕು, ಕರಗಿದ ಪ್ಲಾಸ್ಟಿಕ್ ಅಲ್ಲಿಗೆ ನುಗ್ಗಿ ಅಂಚಿಗೆಲ್ಲ ಪದರ ಕಟ್ಟುತ್ತದೆ. ಅಷ್ಟರಲ್ಲಿ ಸುತ್ತಲಿನ ಬಡಾವಣೆಗಳಿಂದ ಪಟಾಕಿ ಶುರುವಾಯಿತು. ಆಂತೆ ಕುರ್ಚಿಯ ಮೇಲೆ ಹತ್ತಿ, ಜರ್ಮನಿಯನ್ನು ನಾವು ಸೋಲಿಸಿದ್ದಕ್ಕೆ ಅಮೆರಿಕವೆಲ್ಲ ಪಟಾಕಿ ಹೊಡೀತಿದೆ ಎಂದು ಕೂಗಿದ. ಎಲ್ಲರೂ ಆಕಾಶ ನೋಡುತ್ತಿದ್ದರು. ನಾನು ಕಾರಿನ ಮೇಲಿನ ಕೈ ತೆಗೆಯಲಿಲ್ಲ.

ಭಾನುವಾರ ಟೆಲಿಫೋನ್ ಮೂರು ಸಲ ಕೈಗೆತ್ತಿಕೊಂಡು ಮೂರು ಸಲವೂ ಇಟ್ಟೆ. ಏನೆಂದು ಹೇಳುವುದು? ಬಿಸಿ ಇದ್ದಾಗ ಅಳೆದೆ ಎಂದರೆ ಅವಸರದ ತಪ್ಪು ಎನ್ನಬಹುದು. ಅರವತ್ತೆಂಟು ಎಂದು ಬರೆದದ್ದು ತಪ್ಪಲ್ಲ, ಸುಳ್ಳು. ಅಳತೆಯವಳು ಸುಳ್ಳು ಬರೆದಳೆಂದ ಮೇಲೆ ಇವಳು ನಮಗೆ ಬೇಕೇ ಬೇಕು ಎಂದು ಸರ್ಕಾರಕ್ಕೆ ಯಾವ ಮಾಲೀಕ ಬರೆದುಕೊಡುತ್ತಾನೆ? ಪ್ರಕಾಶ್ ಎರಡು ಸಲ, "ಯಾಕೆ, ಏನಾಯ್ತೇ?" ಎಂದು ಕೇಳಿದರು. ತಲೆನೋವು ಎಂದೆ. ಅವರು ಅನುವನ್ನು ಪಾರ್ಕಿಗೆ ಕರೆದುಕೊಂಡು ಹೋದರು. ಗೋಡೆಯ ಮೇಲೆ ಕ್ಯಾಲೆಂಡರು, ಅದರಲ್ಲಿ ನಾಳೆಗೆ ಪೆನ್ಸಿಲಿನ ಸುತ್ತು.

ಸಂಜೆಯ ಹೊತ್ತಿಗೆ ಒಂದು ಉಪಾಯ ಹೊಳೆಯಿತು. ಬಹಳ ಸುಲಭದ್ದು. ನಾಳೆ ಗ್ಲಾಸು ಬಂದಾಗ ಉಪವಾಸ ಎನ್ನುವುದು. ಅವರೇ ಹೆದರಿ ಲಾರಿಯನ್ನು ತಡೆಯುತ್ತಾರೆ. ಇನ್ನೊಂದು ಸಲ ಅಳೆ ಎಂದು ಅವರೇ ಹೇಳುತ್ತಾರೆ. ತಣ್ಣಗಾದ ಉಕ್ಕನ್ನು ಅಳೆದು, ಎರಡು ಥೌ ಕಡಿಮೆಯಿದೆ ಎಂದು ಹೊಸ ಹಾಳೆಯಲ್ಲಿ ಬರೆಯುತ್ತೇನೆ. ಹಳೆಯ ಹಾಳೆ ಕಸಕ್ಕೆ. ಅಚ್ಚೂ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ರಾತ್ರಿ ನೆಮ್ಮದಿಯಾಗಿ ಮಲಗಿದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಸೋಮವಾರ ಏಳೂವರೆಗೆ ಶೆಡ್ಡಿಗೆ ಹೋದಾಗ ಅಚ್ಚನ್ನು ಆಗಲೇ ಜೋಡಿಸಿ, ಪಟ್ಟಿ ಬಿಗಿದು ಲಾರಿ ಬಾಗಿಲ ಹತ್ತಿರ ಇಟ್ಟಿದ್ದರು. ಸುತ್ತ ಎಲ್ಲರೂ ನಿಂತಿದ್ದರು. ಬಾರ್ಬಾ ಬಿಳಿ ಶರ್ಟು ಹಾಕಿದ್ದರು. ಒಂದೊಂದೇ ಗ್ಲಾಸು ಇಳಿಯುತ್ತ ಬಂತು. ಸೋಂಪಿನ ವಾಸನೆ ಹರಡಿತು. ನನ್ನ ಸರದಿ ಬಂದಾಗ, "ಬಾರ್ಬಾ, ಇವತ್ತು ನನಗೆ" ಎಂದು ಶುರು ಮಾಡಿದೆ.

ಬಾರ್ಬಾ ಕೈಯೆತ್ತಿ ನಿಲ್ಲಿಸಿದರು. ತ್ರಾವಾರಿತ್ಸದ ಬಾಟಲಿ ಕೆಳಗಿಟ್ಟು, ಚೀಲದಿಂದ ಇನ್ನೊಂದು ಬಾಟಲಿ ತೆಗೆದರು. ಒಳಗೆ ಕಡುಗೆಂಪು ಬಣ್ಣದ್ದೇನೋ.

"ಹುಳಿ ಚೆರ್ರಿ ಶರಬತ್ತು. ಮರಿಯಾ ಕಳಿಸಿದಾಳೆ. ಹಣ್ಣು, ಸಕ್ಕರೆ, ಅಷ್ಟೇ. ಇನ್ಮೇಲೆ ನಿನ್ನ ಗ್ಲಾಸಿಗೆ ಇದು" ಎಂದು ಅದೇ ಬೆರಳುದ್ದದ ಗ್ಲಾಸಿಗೆ ಸುರಿದು ನನ್ನ ಕೈಗೆ ಕೊಟ್ಟರು. "ನಮಗೆ ಮೊದಲೇ ಹೊಳೀಬೇಕಿತ್ತು. ತಪ್ಪಾಯ್ತು."

ಎಲ್ಲರೂ ನಗುಮುಖದಲ್ಲಿ ನನ್ನನ್ನೇ ನೋಡುತ್ತಿದ್ದರು. ಹೊರಗೆ ಲಾರಿ ಹಿಂದಕ್ಕೆ ಬರುತ್ತ ಪೀಂ ಪೀಂ ಎನ್ನುತ್ತಿತ್ತು. ಗ್ಲಾಸನ್ನು ತುಟಿಯವರೆಗೆ ತಂದೆ. ಕುಡಿಯಲು ಯಾವ ಅಡ್ಡಿಯೂ ಉಳಿದಿರಲಿಲ್ಲ. ಪದ್ಧತಿಯಂತೆ ಬಾರ್ಬಾ ನನ್ನ ಕಣ್ಣಿಗೆ ಕಣ್ಣಿಟ್ಟು ಕಾಯುತ್ತಿದ್ದರು. ಆ ಮುದುಕರು ನನ್ನಲ್ಲಿ ಕ್ಷಮೆ ಕೇಳಿದ್ದರಲ್ಲ, ಅದು ನನಗೆ ತಡೆಯಲಾಗಲಿಲ್ಲ.

ಗ್ಲಾಸನ್ನು ಅಚ್ಚಿನ ಮೇಲಿಟ್ಟೆ. "ನಾನು ಅದನ್ನ ಬಿಸಿ ಇದ್ದಾಗ ಅಳೆದೆ" ಎಂದೆ. "ಅರವತ್ತೆಂಟು ಅಂತ ಸುಳ್ಳು ಬರೆದೆ. ಎರಡು ಥೌ ಕಡಿಮೆ ಇದೆ."

ಆಂತೆ ಹೊರಗೆ ಹೋಗಿ ಲಾರಿಯವನಿಗೆ ಏನೋ ಹೇಳಿದ. ಪೀಂ ಪೀಂ ನಿಂತಿತು. ಒಳಗೆ ಬಂದವನು ನನ್ನ ಮುಖ ನೋಡದೆ, "ಬಿಚ್ಚಿ" ಎಂದ. ಎರಡು ದಿನ ಕೋಣೆಯಲ್ಲಿ ತಣಿದಿದ್ದ ಆ ತುಂಡನ್ನು ಅಳೆದಾಗ ಎರಡು ಥೌ ಕಡಿಮೆಯೇ ಇತ್ತು.

ಹೊಸ ತುಂಡು ಮಾಡಲು ಒಂಬತ್ತು ದಿನ ಹಿಡಿಯಿತು. ಎರಡು ಪಾಳಿ ಕೆಲಸ. ಆಂತೆ ಕಚೇರಿಯ ಬಾಗಿಲು ಹಾಕಿಕೊಂಡು ಗಿರಾಕಿಯೊಡನೆ ಮಾತಾಡುವುದು ಗಾಜಿನಾಚೆ ಕಾಣುತ್ತಿತ್ತು. ಹೆಚ್ಚಾಗಿ ಕೇಳಿಸಿಕೊಳ್ಳುತ್ತಲೇ ಇದ್ದ. ಬುಧವಾರ ಅವರ ತಂಡ ಸೆಮಿಫೈನಲ್ ಆಡಿತು. ಬೆಂಚಿನ ಮೇಲೆ ಒಂದು ಸಣ್ಣ ಟಿವಿಯನ್ನು ಸದ್ದಿಲ್ಲದೆ ಹಚ್ಚಿ, ಕೈ ನಿಲ್ಲಿಸದೆ ನೋಡಿದರು. ಸೋತರು. ಆ ಸೋಲಿಗೂ ನಾನೇ ಕಾರಣ ಎಂದು ಅನ್ನಿಸಿತು. ಯಾರೂ ನನ್ನನ್ನು ಬೈಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಮನೆಯಲ್ಲಿ ಪ್ರಕಾಶ್‌ಗೆ, ಅಚ್ಚಿನಲ್ಲಿ ಏನೋ ತೊಂದರೆ, ತಡವಾಗುತ್ತೆ ಎಂದಷ್ಟೇ ಹೇಳಿದೆ. ಅವರು ಕ್ಯಾಲೆಂಡರಿನ ಸುತ್ತನ್ನು ರಬ್ಬರಿನಿಂದ ಅಳಿಸಿದರು. ದಿನಾ ಕೇಳುವುದನ್ನೂ ಬಿಟ್ಟರು.

ಹೊಸ ತುಂಡನ್ನು ಒಂದು ಇಡೀ ದಿನ ಕೋಣೆಯಲ್ಲಿಟ್ಟೆ. ಥರ್ಮಾಮೀಟರನ್ನು ಆರು ಸಲ ನೋಡಿದೆ. ಅಳೆದು, ಬರೆದು, ಮತ್ತೆ ಅಳೆದೆ. ಮುಂದಿನ ಬುಧವಾರ ಬೆಳಿಗ್ಗೆ ಎಲ್ಲರೂ ಸುತ್ತ ನಿಂತಾಗ ಬಾರ್ಬಾ ನನಗೆ ಶರಬತ್ತು ಸುರಿದರು. ಹಿರಿಯರನ್ನು ನೆಟ್ಟಗೆ ನೋಡಬಾರದೆಂದು ಕಲಿತು ಬೆಳೆದವಳು, ಅವರ ಕಣ್ಣನ್ನು ನೆಟ್ಟಗೆ ನೋಡಿ ಕುಡಿದೆ. ಹುಳಿಗೆ ಹಲ್ಲು ಜುಮ್ಮೆಂದಿತು. ಲಾರಿ ಹೋಯಿತು. ಮುಂದೆ ಬರಬೇಕಿದ್ದ ನಾಲ್ಕು ಅಚ್ಚುಗಳಲ್ಲಿ ಎರಡು ಬೇರೆಯವರ ಪಾಲಾದವು ಎಂದು ಆಮೇಲೆ ತಿಳಿಯಿತು.

ಅವತ್ತು ಮಧ್ಯಾಹ್ನ ಆಂತೆ ಕರೆಸಿದ. ಬೋಲ್ಟಿನ ಡಬ್ಬಿ ಪಕ್ಕಕ್ಕೆ ಸರಿದಿತ್ತು. ನನ್ನ ಫೈಲು ಅವನ ಮುಂದೆ ತೆರೆದಿತ್ತು.

"ಒಂದು ವಿಷಯ ಕೇಳ್ತೀನಿ" ಎಂದ. "ಬಾರ್ಬಾ ಆ ಶರಬತ್ತು ತರ್ದೇ ಇದ್ದಿದ್ರೆ ಅವತ್ತು ಏನು ಹೇಳ್ತಿದ್ದೆ?"

ಖಂಡಿತ ನಿಜ ಹೇಳುತ್ತಿದ್ದೆ ಎನ್ನಲು ಬಾಯಿ ತೆರೆದೆ. "ಉಪವಾಸ ಅಂತಿದ್ದೆ" ಎಂದೆ.

"ನಾವು ಹೆದರಿ ಲಾರಿ ನಿಲ್ಲಿಸ್ತೀವಿ. ನೀನು ಮತ್ತೆ ಅಳೀತೀಯ. ಹಾಳೆ ಬದಲಾಯಿಸ್ತೀಯ. ಹಾಗೇನಾ?"

"ಹೂಂ."

ಆಂತೆ ಪೆನ್ನಿನ ಕ್ಯಾಪು ತೆಗೆದು, ಹಾಕಿ, ಮತ್ತೆ ತೆಗೆದ. "ಶನಿವಾರ ರಾತ್ರಿನೇ ಮರಿಯಾ ನಮಗೆಲ್ಲ ಹೇಳಿಬಿಟ್ಟಿದ್ಲು, ನಿನ್ನ ಉಪವಾಸ ಬರೀ ಸುಳ್ಳು ಅಂತ. ಭಾನುವಾರ ಚರ್ಚ್ ಮುಗಿದ ಮೇಲೂ ಅದೇ ಮಾತು, ಅದೇ ನಗು. ನೀನು ಸೋಮವಾರ ಉಪವಾಸ ಅಂದಿದ್ರೆ ನಾವು ನಕ್ಕು ಲಾರಿ ಕಳಿಸ್ತಿದ್ವಿ."

ಅಂದರೆ ಆ ಅಚ್ಚು ನನ್ನ ಸುಳ್ಳು ಸಹಿಯೊಂದಿಗೇ ಹೊರಟುಹೋಗುತ್ತಿತ್ತು. ಅವನು ಸಹಿ ಹಾಕತೊಡಗಿದ. ಎಂಟು ಕಡೆ ಹಾಕಬೇಕಿತ್ತು. ಒಂದೊಂದು ಪುಟ ತಿರುವಿದಾಗಲೂ ಇನ್ನೇನು ನಿಲ್ಲಿಸುತ್ತಾನೆ ಎಂದುಕೊಂಡೆ. ಕೊನೆಯ ಪುಟವನ್ನು ಮುಗಿಸಿ ಫೈಲನ್ನು ನನ್ನ ಕಡೆಗೆ ತಳ್ಳಿದ. ಹೋಗು ಎಂದು ಕೈಯಲ್ಲೇ ತೋರಿಸಿದ.

ಸಂಜೆ ಕಾರು ಹತ್ತಿ, ಪ್ರಕಾಶ್ ಕೇಳದಿದ್ದರೂ, "ಸಹಿ ಆಯ್ತು ರೀ" ಎಂದೆ. ಅವರು ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತರು. ಮದುವೆಯಾದ ಮೇಲೆ ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನಾನೂ ಅತ್ತೆ. ಹಿಂದಿನ ಸೀಟಿನಿಂದ ಅನು, "ವೈ ಆರ್ ಯು ಗೈಸ್ ಕ್ರೈಯಿಂಗ್?" ಎಂದು ಕೇಳಿದಳು. "ಖುಷಿಗೆ ಕಣಮ್ಮ" ಎಂದರು ಪ್ರಕಾಶ್, ಇಬ್ಬರ ಪರವಾಗಿಯೂ. ಅವರು ಇವತ್ತಿನವರೆಗೂ ಹಾಗೇ ತಿಳಿದಿದ್ದಾರೆ. ಈಗ ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದಾರೆ. ಈ ಹಾಳೆಗಳನ್ನು ಮೊದಲು ಅವರ ಕೈಗೇ ಕೊಡುತ್ತೇನೆ.